ಅದಿರಿಲ್ಲದ ಕುಲುಮೆ

ಸೆಕೆಂಡ್ ಶಿಫ್ಟ್ ಮುಗಿಸಿ ಅಪ್ಪ ಮನೆ ಸೇರುವಾಗ ರಾತ್ರಿ ಹತ್ತೂವರೆ. ಅಷ್ಟರೊಳಗೆ ನಾನು ಪುಸ್ತಕ ಮುಚ್ಚಿ ಮಲಗಿರಬೇಕು ಎಂಬುದು ಭದ್ರಾವತಿ ನ್ಯೂಟೌನಿನ ನಮ್ಮ ಕ್ವಾರ್ಟರ್ಸಿನ ಕಾನೂನು. 2001ರ ಮಳೆಗಾಲದ ಒಂದು ರಾತ್ರಿ ಸಿಕ್ಕಿಬಿದ್ದೆ. ಮಳೆಯ ಸದ್ದಿನಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿದ್ದು ಕೇಳಿಸಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ನನ್ನ ಸೈನ್ಯ ಶತ್ರುವಿನ ಕೋಟೆ ಬಾಗಿಲು ಒಡೆಯುತ್ತಿತ್ತು. ಬೈಗುಳಕ್ಕೆ ತಯಾರಾಗಿ ಕೂತೆ. ಅಪ್ಪ ಬೈಯಲಿಲ್ಲ, ರೇನ್‌ಕೋಟಿನಿಂದ ನೀರು ಸೋರುತ್ತಿದ್ದಂತೆಯೇ ಬಗ್ಗಿ, ಪರದೆಯ ಮೂಲೆಯಲ್ಲಿದ್ದ ಒಂದು ಚಿಕ್ಕ ಚೌಕದ ಮೇಲೆ ಬೆರಳಿಟ್ಟರು.

"ಇದೇನೋ, ಬ್ಲಾಸ್ಟ್ ಫರ್ನೇಸ್ ಅಂತಿದೆ?"

"ಹೌದಪ್ಪ. ಅದನ್ನ ಒತ್ತಿದ್ರೆ ಸೈನಿಕರ ಕತ್ತಿಗೆ ಬಲ ಜಾಸ್ತಿ ಆಗುತ್ತೆ."

"ಎಷ್ಟು ಖರ್ಚು?"

"275 ಆಹಾರ, 225 ಚಿನ್ನ."

"ಅದಿರು?"

"ಬೇಡ."

"ಕೋಕು? ಸುಣ್ಣಕಲ್ಲು?"

"ಅದೂ ಬೇಡ."

"ಎಷ್ಟು ದಿನ ಹಿಡಿಯುತ್ತೆ?"

"ನೂರು ಸೆಕೆಂಡು."

ಅಪ್ಪ ರೇನ್‌ಕೋಟ್ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. "ಸರ್ ಎಂವಿಗೆ ಇದು ಸಿಕ್ಕಿದ್ರೆ ಐದು ವರ್ಷ ಉಳೀತಿತ್ತು ನೋಡು" ಎಂದು ಊಟಕ್ಕೆ ಹೋದರು. ಅಡುಗೆಮನೆಯಲ್ಲಿ ಅಮ್ಮನಿಗೆ ಅದನ್ನೇ ಹೇಳಿ ನಗುತ್ತಿದ್ದದ್ದು ಕೇಳಿಸಿತು. ನಾನು ಕೋಟೆ ಗೆದ್ದೆನೋ ಸೋತೆನೋ ನೆನಪಿಲ್ಲ. ಅಪ್ಪನ ಆ ಪ್ರಶ್ನೆಗಳು ಮಾತ್ರ ಇವತ್ತಿಗೂ ಬಿಟ್ಟಿಲ್ಲ.

ಆ ಆಟ ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಭಾಗ. ಅಮೆರಿಕದ ಡಲ್ಲಾಸ್‌ನಲ್ಲಿದ್ದ ಎನ್ಸೆಂಬಲ್ ಸ್ಟುಡಿಯೋಸ್ ರೂಪಿಸಿ, ಮೈಕ್ರೋಸಾಫ್ಟ್ 1999ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು. ಗೊತ್ತಿಲ್ಲದವರಿಗೆ ಎರಡು ಮಾತು. ಆಟ ಶುರುವಾಗುವಾಗ ನಿಮ್ಮ ಪಾಲಿಗೆ ಇರುವುದು ಒಂದು ಊರಮನೆ, ಮೂವರು ಹಳ್ಳಿಗರು, ಕುದುರೆಯ ಮೇಲೊಬ್ಬ ಬೇಹುಗಾರ. ಸುತ್ತ ಕಗ್ಗತ್ತಲು. ಬೇಹುಗಾರ ಓಡಾಡಿದಷ್ಟು ನೆಲ ಬೆಳಕಾಗುತ್ತದೆ. ಹಳ್ಳಿಗರು ಹಣ್ಣು ಕೀಳುತ್ತಾರೆ, ಮರ ಕಡಿಯುತ್ತಾರೆ, ಚಿನ್ನ ಅಗೆಯುತ್ತಾರೆ, ಕಲ್ಲು ಒಡೆಯುತ್ತಾರೆ. ಐವತ್ತು ಆಹಾರ ಕೊಟ್ಟರೆ ಇಪ್ಪತ್ತೈದು ಸೆಕೆಂಡಿನಲ್ಲಿ ಇನ್ನೊಬ್ಬ ಹಳ್ಳಿಗ ಹುಟ್ಟುತ್ತಾನೆ, ಹುಟ್ಟುವಾಗಲೇ ದೊಡ್ಡವನಾಗಿ, ಕೆಲಸಕ್ಕೆ ಸಿದ್ಧನಾಗಿ. ಕತ್ತಲೆಯುಗದಿಂದ ಮೇಲಿನ ಯುಗಕ್ಕೆ ಹೋಗಲು 500 ಆಹಾರ, ಅಲ್ಲಿಂದ ಕೋಟೆಯುಗಕ್ಕೆ 800 ಆಹಾರ ಮತ್ತು 200 ಚಿನ್ನ, ಕೊನೆಯ ಸಾಮ್ರಾಜ್ಯಯುಗಕ್ಕೆ 1000 ಆಹಾರ, 800 ಚಿನ್ನ. ಅಷ್ಟರೊಳಗೆ ಪಕ್ಕದವನು ಬಂದು ನಿಮ್ಮ ಊರು ಸುಟ್ಟಿರದಿದ್ದರೆ ನೀವು ಅವನ ಊರು ಸುಡಬಹುದು. ಇಷ್ಟೇ ಆಟ. ಇಷ್ಟಕ್ಕೇ ನನ್ನ ಪಿಯುಸಿ ಎರಡನೇ ವರ್ಷದ ರಸಾಯನಶಾಸ್ತ್ರ ಬಲಿಯಾಯಿತು.

ಮನೆಯಲ್ಲಿ ಒಬ್ಬನೇ ಆಡುವುದು ನೀರಸ. ನಿಜವಾದ ಯುದ್ಧ ಶಿವಮೊಗ್ಗದಲ್ಲಿ. ಭಾನುವಾರ ಬೆಳಿಗ್ಗೆ ಖಾಸಗಿ ಬಸ್ಸು ಹತ್ತಿ, ದುರ್ಗಿಗುಡಿಯ ಒಂದು ಸಂದಿಯಲ್ಲಿದ್ದ ಸೈಬರ್ ಸೆಂಟರಿಗೆ ಹೋಗುತ್ತಿದ್ದೆವು. ಎಂಟು ಕಂಪ್ಯೂಟರ್, ಒಂದಕ್ಕೊಂದು ವಯರು ಎಳೆದು ಜೋಡಿಸಿದ್ದವು. ಗಂಟೆಗೆ ಇಪ್ಪತ್ತು ರೂಪಾಯಿ. ಮುಂದಿನ ಕಂಪ್ಯೂಟರಿನಲ್ಲಿ ಯಾರೋ ಪಿಯುಸಿ ರಿಸಲ್ಟ್ ನೋಡಲು, ಇನ್ಯಾರೋ ವರನ ಫೋಟೋ ಅಮೆರಿಕಕ್ಕೆ ಕಳಿಸಲು ಬಂದಿರುತ್ತಿದ್ದರು. ಹಿಂದಿನ ಸಾಲಿನಲ್ಲಿ ನಾವು ಕಾನ್‌ಸ್ಟಾಂಟಿನೋಪಲ್ ಮುತ್ತಿಗೆ ಹಾಕಿರುತ್ತಿದ್ದೆವು. ಎಂಜಿನಿಯರಿಂಗ್ ಓದುವ ಅಣ್ಣಂದಿರು ನಮ್ಮನ್ನು ಹತ್ತು ನಿಮಿಷದಲ್ಲಿ ಮುಗಿಸಿ ಚಹಾ ಕುಡಿಯಲು ಹೋಗುತ್ತಿದ್ದರು. ಮಳೆಗಾಲದಲ್ಲಿ ಕರೆಂಟು ಹೋದರೆ ಯುಪಿಎಸ್ ಕೀ ಕೀ ಎಂದು ಅಳಲು ಶುರು ಮಾಡುತ್ತಿತ್ತು. ಗೆಲ್ಲುತ್ತಿದ್ದವನು ‘ಸೇವ್ ಮಾಡ್ರೋ’ ಎಂದು ಕೂಗಿದರೆ, ಸೋಲುತ್ತಿದ್ದವನು ಸದ್ದಿಲ್ಲದೆ ದೇವರಿಗೆ ಕೈ ಮುಗಿಯುತ್ತಿದ್ದ.

ಅಲ್ಲಿ ಕಲಿತ ಮೊದಲ ಕಿತಾಪತಿ ಕುರಿ ಕದಿಯುವುದು. ಊರಿನ ಸುತ್ತ ಮೇಯುವ ಕುರಿಗಳು ಮೊದಲು ಯಾರ ಕಣ್ಣಿಗೆ ಬೀಳುತ್ತವೋ ಅವರವು. ನಿಮ್ಮ ಕುರಿಗಳನ್ನು ಒಂಟಿ ಬಿಟ್ಟರೆ, ಶತ್ರುವಿನ ಬೇಹುಗಾರ ಹತ್ತಿರ ಬಂದು ಕಂಡೊಡನೆ ಬಣ್ಣ ಬದಲಿಸಿ ಅವನ ಹಿಂದೆ ಹೊರಟುಬಿಡುತ್ತವೆ. ಹೀಗೆ ಕುರಿ ಕಳೆದುಕೊಂಡು ರೇಗಿ ಒಂದು ಭಾನುವಾರ ನಾನೂ ಕೋಟೆ ರಸ್ತೆಯ ಗೆಳೆಯನೂ ಆಟ ಬಿಟ್ಟು ಎದ್ದು, ಮಾಡಲು ಬೇರೆ ಕೆಲಸವಿಲ್ಲದೆ ಅವನ ಮನೆ ಹತ್ತಿರದ ಶಿವಪ್ಪನಾಯಕನ ಅರಮನೆಗೆ ಹೋದೆವು. ಹೆಸರು ಶಿವಪ್ಪನಾಯಕನದಾದರೂ ಕಟ್ಟಡ ಹೈದರನ ಕಾಲದ್ದೆನ್ನುವವರಿದ್ದಾರೆ. ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ನಿಂತಿರುವುದು ತುರುಗೋಳಿನಲ್ಲಿ ಸತ್ತವರಿಗಾಗಿ. ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ಗೆಳೆಯ ಒಂದು ಕಲ್ಲಿನ ಮುಂದೆ ನಿಂತು, "ನೋಡು ಮಾರಾಯ, ಇವನೂ ಕುರಿಗಾಗಿಯೇ ಸತ್ತಿದ್ದು" ಎಂದ.

ನಕ್ಕೆವು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು: ಆಟದಲ್ಲಿ ಸತ್ತವನಿಗೆ ಕಲ್ಲಿಲ್ಲ. ಒಂದಿಷ್ಟು ಹೊತ್ತು ನೆಲದ ಮೇಲೆ ಎಲುಬು ಬಿದ್ದಿರುತ್ತದೆ, ಆಮೇಲೆ ಅದೂ ಮಾಯ.

ಬೆಂಕಿಪುರದ ಆಟಗಾರ

ಅಪ್ಪ ಹೇಳಿದ ಐದು ವರ್ಷದ ಲೆಕ್ಕ ಸುಮ್ಮನೆ ಬಂದದ್ದಲ್ಲ. ಮೈಸೂರು ಸಂಸ್ಥಾನ ಭದ್ರಾ ದಂಡೆಯ ಬೆಂಕಿಪುರದಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿದ್ದು 1918ರಲ್ಲಿ, ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಡುವ ವರ್ಷ. ಮೈಸೂರು ಐರನ್ ವರ್ಕ್ಸ್ ಶುರುವಾದದ್ದು 1923ರ ಜನವರಿ 18ರಂದು. ಬೆಂಕಿಪುರವನ್ನು ವಂಕಿಪುರ ಎನ್ನುವವರೂ ಇದ್ದಾರೆ, ಹೊಳೆ ಅಲ್ಲಿ ತೋಳಿನ ವಂಕಿಯ ಹಾಗೆ ಬಾಗುತ್ತದೆ ಎಂದು. ಕುಲುಮೆ ಬಂದ ಊರಿಗೆ ಮೊದಲಿನ ಹೆಸರೇ ಚೆನ್ನಾಗಿ ಹೊಂದುತ್ತಿತ್ತು. ಅದನ್ನು ಬಿಟ್ಟು ಹೊಳೆಯ ಹೆಸರು ಇಟ್ಟುಕೊಂಡೆವು.

ಏಜ್ ಆಫ್ ಎಂಪೈರ್ಸ್ ಆಡಿದವರು ಭದ್ರಾವತಿಯ ನಕ್ಷೆ ಬಿಡಿಸಿಕೊಂಡು ಕೂತರೆ ವಿಶ್ವೇಶ್ವರಯ್ಯನವರಿಗೆ ಒಂದು ಸಲಾಮು ಹೊಡೆಯಲೇಬೇಕು. ಊರಮನೆ ಎಲ್ಲಿ ಇಡಬೇಕು ಎಂಬುದೇ ಆ ಆಟದ ಅರ್ಧ ವಿದ್ಯೆ. ನೀರಿಗೆ ಭದ್ರೆ. ಬೀರೂರಿನಿಂದ ಶಿವಮೊಗ್ಗಕ್ಕೆ ಬರುವ ರೈಲು ಹಳಿ ಊರ ಮುಂದೆಯೇ. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ. ಅಲ್ಲಿಂದ ತಣಿಗೆಬೈಲಿನವರೆಗೆ ತಂತಿಯ ಮೇಲೆ ತೊಟ್ಟಿಲು ಕಟ್ಟಿ ಇಳಿಸಿ, ಆಮೇಲೆ ಪುಟ್ಟ ರೈಲಿನಲ್ಲಿ ಭದ್ರಾವತಿಗೆ ತರುತ್ತಿದ್ದರು. ಸುಣ್ಣಕಲ್ಲು ಹತ್ತಿರದಲ್ಲೇ. ಒಂದೇ ಒಂದು ಕೊರತೆ: ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕಬ್ಬಿಣ ಕರಗಿಸಲು ಉಳಿದದ್ದು ಮರದ ಇದ್ದಿಲು. ಮಲೆನಾಡಿನ ಕಾಡು ಬೆನ್ನಿಗೇ ಇತ್ತಲ್ಲ.

ಹೀಗೆ ನಮ್ಮೂರಿನ ಊದುಕುಲುಮೆ ಇದ್ದಿಲಿನ ಮೇಲೆ ಉರಿಯಿತು. ಕಾಡಿನೊಳಕ್ಕೆ ಟ್ರಾಮ್ ಹಳಿ ಹೋಯಿತು. ಮರವನ್ನು ಮುಚ್ಚಿದ ಒಲೆಯಲ್ಲಿ ಸುಟ್ಟು ಇದ್ದಿಲು ಮಾಡುವಾಗ ಏಳುವ ಆವಿಯನ್ನೂ ಬಿಡದೆ ಹಿಡಿದು ರಾಸಾಯನಿಕಗಳನ್ನು ಇಳಿಸುವ ಘಟಕ ಬೇರೆ. ಇಷ್ಟೆಲ್ಲ ಮಾಡಿ ಕಬ್ಬಿಣ ಹೊರಬರುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಬೆಲೆ ನೆಲಕಚ್ಚಿತ್ತು. ಕಾರ್ಖಾನೆ ನಷ್ಟದಲ್ಲಿ ಕಣ್ಣು ಬಿಟ್ಟಿತು. ಮುಚ್ಚಿಬಿಡಿ ಎಂದವರು ಆಗಲೂ ಇದ್ದರು. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಕೂತು ಅದನ್ನು ಎಬ್ಬಿಸಿ ನಿಲ್ಲಿಸಿದರು. ಆಟದ ಭಾಷೆಯಲ್ಲಿ ಹೇಳುವುದಾದರೆ, ಚಿನ್ನ ಖಾಲಿಯಾದ ಮೇಲೂ ‘ರಿಸೈನ್’ ಒತ್ತದ ಆಟಗಾರ.

ನನ್ನಜ್ಜ ಈ ಕಾರ್ಖಾನೆಗೆ ಕೂಲಿಯಾಗಿ ಸೇರಿದ್ದು ಆ ಇದ್ದಿಲಿನ ಕಾಲದಲ್ಲಿ. ಅವರು ಕಬ್ಬಿಣದ ಮಾತು ಆಡಿದ್ದು ಕಡಿಮೆ, ಮರದ ಮಾತು ಆಡಿದ್ದೇ ಹೆಚ್ಚು ಎಂದು ಅಪ್ಪ ಹೇಳುತ್ತಾರೆ. ಕಬ್ಬಿಣದ ಊರು ಎನ್ನುವುದು ಹೊರಗಿನವರ ಮಾತು. ಒಳಗಿದ್ದವರಿಗೆ ಅದು ಕಟ್ಟಿಗೆಯ ಊರು.

ಮರಕ್ಕೆ ನೂರು

ಆಟದಲ್ಲಿ ಒಂದು ಮರ ಅಂದರೆ ನೂರು ಕಟ್ಟಿಗೆ. ದೊಡ್ಡದಿರಲಿ ಚಿಕ್ಕದಿರಲಿ, ಓಕ್ ಇರಲಿ ತಾಳೆ ಇರಲಿ, ನೂರೇ. ಹಳ್ಳಿಗ ಟಕ್ ಟಕ್ ಎಂದು ಹತ್ತು ಹತ್ತಾಗಿ ಹೊತ್ತು ತರುತ್ತಾನೆ. ನೂರು ಮುಗಿದರೆ ಮರದ ಬುಡವೊಂದು ಉಳಿಯುತ್ತದೆ. ಆಮೇಲೆ ಅಲ್ಲಿ ಏನೂ ಬೆಳೆಯುವುದಿಲ್ಲ. ಒಂದು ಗಂಟೆಯ ಆಟ ಮುಗಿಯುವ ಹೊತ್ತಿಗೆ ನಕ್ಷೆಯ ಮೂಲೆಗಳೆಲ್ಲ ಬೋಳು. ಗೆದ್ದವನಿಗೆ ಅದು ಕಾಣಿಸುವುದಿಲ್ಲ, ಏಕೆಂದರೆ ಗೆದ್ದ ಕೂಡಲೇ ಆಟ ಅಂಕಪಟ್ಟಿ ತೋರಿಸಿ ಪರದೆ ಮುಚ್ಚಿಬಿಡುತ್ತದೆ.

ಮಲೆನಾಡಿನಲ್ಲಿ ಪರದೆ ಮುಚ್ಚಲಿಲ್ಲ. ಇಲ್ಲಿ ಬುಡ ಉಳಿದ ಜಾಗದಲ್ಲಿ ಮತ್ತೆ ಬೆಳೆಯಿತು, ಅಕೇಶಿಯಾ ಆಗಿ, ನೀಲಗಿರಿಯಾಗಿ. ಭದ್ರಾವತಿಯ ಇನ್ನೊಂದು ಹೊಟ್ಟೆ ಕಾಗದದ ಕಾರ್ಖಾನೆ, ಮೈಸೂರು ಪೇಪರ್ ಮಿಲ್ಸ್. ಅದರ ತಿರುಳಿಗೆಂದು 1980ರಲ್ಲಿ ಸಾವಿರಾರು ಹೆಕ್ಟೇರು ಅರಣ್ಯಭೂಮಿಯನ್ನು ನಲವತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟು ನೆಡುತೋಪು ಬೆಳೆಸಿದರು. 2015ರ ಸುಮಾರಿಗೆ ಕಾರ್ಖಾನೆ ನಿಂತಿತು. ಕಾರ್ಖಾನೆ ನಿಂತರೂ 2020ರಲ್ಲಿ ಗುತ್ತಿಗೆಯನ್ನು ಮತ್ತೆ ನಲವತ್ತು ವರ್ಷಕ್ಕೆ ಮುಂದುವರಿಸಿದಾಗ ಶಿವಮೊಗ್ಗದಲ್ಲಿ ದೊಡ್ಡ ಗಲಾಟೆಯೇ ಆಯಿತು. ಗಿರಣಿ ಇಲ್ಲ, ಗಿರಣಿಯ ಕಾಡು ಇದೆ. ಇಂಥ ಸ್ಥಿತಿಯನ್ನು ಯಾವ ಆಟದವರೂ ಕಲ್ಪಿಸಿಲ್ಲ.

ಆಟದ ಕೀಲಿಮಣೆಯಲ್ಲಿ ‘ಡಿಲೀಟ್’ ಕೀಗೆ ಒಂದು ವಿಶೇಷ ಕೆಲಸವಿದೆ. ನಿಮ್ಮದೇ ಮನೆಯನ್ನು ಆರಿಸಿ ಅದನ್ನು ಒತ್ತಿದರೆ ಮನೆ ಕುಸಿಯುತ್ತದೆ. ದಾರಿಗೆ ಅಡ್ಡವಾಯಿತು, ಜಾಗ ಬೇಕಾಯಿತು, ಒತ್ತು. ಸೈಬರ್ ಸೆಂಟರಿನಲ್ಲಿ ಇದನ್ನು ಯೋಚನೆಯಿಲ್ಲದೆ ಒತ್ತುತ್ತಿದ್ದೆ. ನಮ್ಮ ಜೊತೆ ಆಡುತ್ತಿದ್ದ ಒಬ್ಬ ಹುಡುಗನ ಮನೆಯವರು ಮೂಲತಃ ಶರಾವತಿ ಕಣಿವೆಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರ ಅಜ್ಜನ ಮನೆ, ತೋಟ, ಊರ ದೇವಸ್ಥಾನ ಎಲ್ಲ ನೀರೊಳಗೆ. ಶಿವಮೊಗ್ಗದ ಹತ್ತಿರ ಎಲ್ಲೋ ಕಾಡು ತೋರಿಸಿ ಇಲ್ಲಿರಿ ಎಂದರಂತೆ. ಆ ವಿದ್ಯುತ್ತಿನಿಂದ ರಾಜ್ಯ ಬೆಳಗಿತು, ಸುಳ್ಳಲ್ಲ. ಶರಾವತಿ ಸಂತ್ರಸ್ತರ ಭೂಮಿ ಹಕ್ಕಿನ ಹೋರಾಟ ಮಾತ್ರ ಅರವತ್ತು ವರ್ಷವಾದರೂ ಮುಗಿದಿಲ್ಲ. ಆ ಹುಡುಗ ಆಟದಲ್ಲಿ ಎಂದೂ ತನ್ನ ಮನೆ ಡಿಲೀಟ್ ಮಾಡುತ್ತಿರಲಿಲ್ಲ. ಅಡ್ಡವಾದ ಮನೆಯನ್ನು ಬಳಸಿಕೊಂಡು ಹೋಗಿ ಸೋಲುತ್ತಿದ್ದ. ನಾವು ಅವನನ್ನು ದಡ್ಡ ಅನ್ನುತ್ತಿದ್ದೆವು.

ಉಕ್ಕು ಇಂಗ್ಲೆಂಡಿಗೆ ಹೋಗಿ ಬಂದದ್ದು

ಆಗ ಆ ಆಟದಲ್ಲಿ ಭಾರತವೇ ಇರಲಿಲ್ಲ. ಬ್ರಿಟನ್ನರು, ಫ್ರಾಂಕರು, ಜಪಾನೀಯರು, ಪರ್ಷಿಯನ್ನರು ಇದ್ದರು. ಆನೆ ಬೇಕಾದರೆ ನಾವು ಪರ್ಷಿಯನ್ನರಾಗಬೇಕಿತ್ತು. 2013ರಲ್ಲಿ ‘ಇಂಡಿಯನ್ಸ್’ ಎಂಬ ಒಂದೇ ಗುಂಪು ಸೇರಿತು. 2022ರ ಏಪ್ರಿಲ್‌ನಲ್ಲಿ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಬಂದು ಆ ಗುಂಪಿಗೆ ಹಿಂದೂಸ್ತಾನಿಗಳು ಎಂದು ಹೆಸರಿಟ್ಟು, ಹೊಸದಾಗಿ ಗುರ್ಜರರನ್ನು, ಬಂಗಾಳಿಗಳನ್ನು, ದ್ರಾವಿಡರನ್ನು ಸೇರಿಸಿತು. ನಾವೆಲ್ಲ ದ್ರಾವಿಡರೊಳಗೆ. ರಾಜೇಂದ್ರ ಚೋಳನ ದಂಡಯಾತ್ರೆಯನ್ನು ಹಂತ ಹಂತವಾಗಿ ಆಡಬಹುದು. ದ್ರಾವಿಡ ಹಳ್ಳಿಗನನ್ನು ಕ್ಲಿಕ್ಕಿಸಿದರೆ ತಮಿಳಿನಲ್ಲಿ ಓಗೊಡುತ್ತಾನೆ. ಅದಕ್ಕೆ ನನ್ನ ತಕರಾರಿಲ್ಲ. ಬೇಸರವಿದೆ, ಅದು ಬೇರೆ. ಹಿಂದಿಯಲ್ಲಿ ಆಟದ ಅಕ್ಷರಗಳು ಸಿಗುತ್ತವೆ, ಕನ್ನಡದಲ್ಲಿ ಇನ್ನೂ ಇಲ್ಲ.

ದ್ರಾವಿಡರಿಗೆ ಭಾರಿ ಕುದುರೆ ಸವಾರರಾದ ‘ನೈಟ್’ಗಳನ್ನು ಕೊಟ್ಟಿಲ್ಲ. ಇಲ್ಲಿಯ ಹವೆಗೆ ಒಳ್ಳೆ ಕುದುರೆ ಹುಟ್ಟುವುದಿಲ್ಲ ಎಂಬ ತರ್ಕವಿರಬೇಕು. ವಿಜಯನಗರದವರು ಕೇಳಿದ್ದರೆ ನಗುತ್ತಿದ್ದರು. ಹುಟ್ಟದಿದ್ದರೇನು, ಭಟ್ಕಳದ ಬಂದರಿಗೆ ಹಡಗಿನಲ್ಲಿ ಇಳಿಯುತ್ತಿದ್ದವಲ್ಲ. ಕುದುರೆ ಬದಲಿಗೆ ದ್ರಾವಿಡರಿಗೆ ಕೊಟ್ಟ ಒಂದು ವಿದ್ಯೆಯ ಹೆಸರು ‘ವೂಟ್ಜ್ ಸ್ಟೀಲ್’. ಕೋಟೆಯಲ್ಲಿ ಅದನ್ನು ಸಂಪಾದಿಸಿದರೆ ನಿಮ್ಮ ಕಾಲಾಳು, ಸವಾರರ ಏಟಿಗೆ ಶತ್ರುವಿನ ಕವಚ ಲೆಕ್ಕಕ್ಕೇ ಇಲ್ಲ. ಇಡೀ ಆಟದಲ್ಲಿ ಇದಕ್ಕಿಂತ ನಿರ್ದಯವಾದ ಗುಂಡಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ವೂಟ್ಜ್ ಎಂದರೆ ಏನು? ಜಾರ್ಜ್ ಪಿಯರ್ಸನ್ ಎಂಬ ಇಂಗ್ಲಿಷ್ ವಿದ್ವಾಂಸ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಬೊಂಬಾಯಿ ಕಡೆಯಿಂದ ಬಂದ ಒಂದು ವಿಚಿತ್ರ ಉಕ್ಕಿನ ಮೇಲೆ ಲೇಖನ ಬರೆದ. ಆ ಉಕ್ಕನ್ನು ಅಲ್ಲಿ ವೂಟ್ಜ್ ಎನ್ನುತ್ತಾರೆ ಎಂದ. ನಮ್ಮ ‘ಉಕ್ಕು’ ಇಂಗ್ಲಿಷರ ಕಿವಿಯಲ್ಲಿ, ಬರಹದಲ್ಲಿ ತಿರುಚಿ ಹಾಗಾಯಿತು ಎನ್ನುವುದು ಬಹಳ ಮಂದಿ ಒಪ್ಪುವ ಮಾತು. ಟಿಪ್ಪು ಬಿದ್ದ ಮರುವರ್ಷ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕುಲುಮೆಯವರು ಕಬ್ಬಿಣದ ತುಂಡುಗಳ ಜೊತೆ ತಂಗಡಿ ಗಿಡದ ಕಟ್ಟಿಗೆ, ಹಸಿ ಎಲೆ ಸೇರಿಸಿ ಮಣ್ಣಿನ ಮೂಸೆಯೊಳಗಿಟ್ಟು, ಬಾಯಿ ಮೆತ್ತಿ, ತಿದಿ ಊದಿ ಉಕ್ಕು ಮಾಡುವುದನ್ನು ವಿವರವಾಗಿ ಬರೆದಿಟ್ಟ. ಮೈಕೆಲ್ ಫ್ಯಾರಡೆ ವಿದ್ಯುತ್ತಿಗೆ ಹೆಸರಾಗುವ ಮು‌ನ್ನ 1819ರಿಂದ ಮೂರ್ನಾಲ್ಕು ವರ್ಷ ಇದೇ ಉಕ್ಕಿನ ಗುಟ್ಟು ಬಿಡಿಸಲು ಒದ್ದಾಡಿದ. ಹೀಗೆ ಕನ್ನಡದ ಒಂದು ಪದ ಇಂಗ್ಲೆಂಡಿಗೆ ಹೋಗಿ, ಇನ್ನೂರು ವರ್ಷ ಗ್ರಂಥಾಲಯಗಳಲ್ಲಿ ಕೂತು, ಕಂಪ್ಯೂಟರ್ ಆಟದ ಗುಂಡಿಯಾಗಿ ಉಕ್ಕಿನ ನಗರಿಗೆ ವಾಪಸು ಬಂದಿದೆ. ಅಕ್ಕನ ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ದಿನಾ ಅದನ್ನು ಒತ್ತುತ್ತಾನೆ. ಅದು ಜರ್ಮನ್ ಪದ ಅಂದುಕೊಂಡಿದ್ದ.

ಬಿದನೂರಿನ ನಕ್ಷೆ

ಆಟದೊಳಗೇ ಒಂದು ‘ಸಿನಾರಿಯೋ ಎಡಿಟರ್’ ಇದೆ. ನಿಮಗೆ ಬೇಕಾದ ನೆಲ, ನೀರು, ಕಾಡು, ಊರು ಇಟ್ಟು ಸ್ವಂತ ನಕ್ಷೆ ಮಾಡಬಹುದು. 2002ರ ಬೇಸಿಗೆ ರಜೆ ಪೂರ್ತಿ ನಾನೂ ಕೋಟೆ ರಸ್ತೆಯ ಗೆಳೆಯನೂ ಕೆಳದಿ ರಾಜ್ಯ ಮಾಡಿದೆವು. ತುಂಗೆ, ಭದ್ರೆಯನ್ನು ಕೂಡಲಿಯಲ್ಲಿ ಸೇರಿಸುವುದಕ್ಕೇ ಮೂರು ದಿನ ಹಿಡಿಯಿತು. ಆಟದ ನದಿಗಳು ಚೌಕಾಕಾರವಾಗಿ ತಿರುಗುತ್ತವೆ, ನಮ್ಮ ನದಿಗಳು ಹಾಗಲ್ಲವಲ್ಲ.

ಕೆಳದಿಯವರ ಕಥೆಯೇ ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಸುಮಾರು 1500ರಲ್ಲಿ ಹಳ್ಳಿಯ ಗೌಡರ ಮನೆಯ ಚೌಡಪ್ಪ. ಹುತ್ತದ ಬಳಿ ನಿಧಿ ಸಿಕ್ಕಿತೆಂದು ಐತಿಹ್ಯ; ಆಟದಲ್ಲಿ ‘ಚೀಟ್ ಕೋಡ್’ ಅನ್ನುತ್ತೇವೆ. ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ, ಒಂದಕ್ಕಿಂತ ಒಂದು ಕಾಡಿನೊಳಕ್ಕೆ ಸರಿಯುತ್ತ ಹೋಯಿತು. ಚಿನ್ನದ ಗಣಿಯಿಲ್ಲ, ಘಟ್ಟದ ಮೆಣಸು, ಗದ್ದೆಯ ಅಕ್ಕಿ ಕರಾವಳಿಯ ಬಂದರಿಗೆ ಇಳಿದು ಚಿನ್ನವಾಗಿ ಹತ್ತಿಬರುತ್ತಿತ್ತು. ಮೆಣಸಿನ ವ್ಯವಹಾರಕ್ಕಾಗಿ ಪೋರ್ಚುಗೀಸರ ರಾಯಭಾರಿ 1623ರಲ್ಲಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದಾಗ ಜೊತೆಯಲ್ಲಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ.

ನಾವು ಸೋತದ್ದು ಶಿವಪ್ಪನಾಯಕನ ಹತ್ತಿರ. ಆಟದಲ್ಲಿ ಹೊಲ ಮಾಡಲು 60 ಕಟ್ಟಿಗೆ ಸಾಕು. ಎಲ್ಲ ಹೊಲವೂ ಒಂದೇ ಅಳತೆ, ಒಂದೇ ಫಸಲು. ಶಿವಪ್ಪನಾಯಕ (1645-1660) ಮಾಡಿದ್ದೇನು? ರೈಸ್ ಸಾಹೇಬನ ಗೆಜೆಟಿಯರ್ ಹೇಳುವಂತೆ, ಮಣ್ಣನ್ನು ಐದು ತರಗತಿ ಮಾಡಿ, ಒಂದೊಂದು ತರಗತಿಯ ಹೊಲವನ್ನು ಹನ್ನೆರಡು ವರ್ಷ ತನ್ನ ಖರ್ಚಿನಲ್ಲಿ ಉಳುಮೆ ಮಾಡಿಸಿ, ಬಿತ್ತಿದ ಬೀಜವೆಷ್ಟು, ಆಳಿನ ಖರ್ಚೆಷ್ಟು, ಬೆಳೆದದ್ದೆಷ್ಟು, ಬೆಲೆಯೆಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಅದರ ಮೂರನೇ ಒಂದು ಪಾಲನ್ನು ಕಂದಾಯವೆಂದು ಗೊತ್ತು ಮಾಡಿದ. ಇದೇ ಶಿಸ್ತು. ‘ಶಿಸ್ತಿನ ಶಿವಪ್ಪನಾಯಕ’ ಎಂದು ಶಾಲೆಯಲ್ಲಿ ಓದಿದ್ದೆವು. ಸಾಲಿನಲ್ಲಿ ನಿಲ್ಲಿಸುವ ಶಿಸ್ತು ಎಂದೇ ತಿಳಿದಿದ್ದೆ. ಹನ್ನೆರಡು ವರ್ಷ ಕಾದು ತೆರಿಗೆ ಹಾಕುವ ರಾಜನನ್ನು ಈ ಆಟದಲ್ಲಿ ಹೇಗೆ ತರುವುದು? ಹನ್ನೆರಡು ನಿಮಿಷ ಸುಮ್ಮನಿದ್ದರೆ ಊರೇ ಹೋಗಿರುತ್ತದೆ.

ಎರಡನೆಯ ತೊಂದರೆ ಮಳೆ. ಆಗಿನ ಆಟದಲ್ಲಿ ಮಳೆಯೇ ಇರಲಿಲ್ಲ. ಬಿದನೂರನ್ನು ಕಾಪಾಡಿದ್ದರಲ್ಲಿ ಅರ್ಧ ಗೋಡೆಯ ಪಾಲು, ಅರ್ಧ ಮಳೆಯದು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ ಚೆನ್ನಮ್ಮನ ಮೇಲೆ ಔರಂಗಜೇಬನ ಸೈನ್ಯ ಬಂದಾಗ, ಅವಳು ಕವಲೇದುರ್ಗದ ಕಾಡು ಸೇರಿ ನಿಂತದ್ದು ಇದೇ ಬಲದ ಮೇಲೆ. ಎತ್ತರದಿಂದ ಹೊಡೆದರೆ ಏಟು ಕಾಲುಭಾಗ ಹೆಚ್ಚು ಎಂಬ ಸೂತ್ರ ಆಟದಲ್ಲಿದೆ. ಜಿಗಣೆ ಇಲ್ಲ, ಜ್ವರ ಇಲ್ಲ, ಹೂತುಹೋಗುವ ಫಿರಂಗಿ ಗಾಡಿ ಇಲ್ಲ. ನಮ್ಮ ಚೆನ್ನಮ್ಮ ಪ್ರತಿ ಸಲವೂ ಸೋಲುತ್ತಿದ್ದಳು. ಕೊನೆಗೆ ಮೊಗಲರ ಸಂಖ್ಯೆಯನ್ನೇ ಕಡಿಮೆ ಮಾಡಿ ಅವಳನ್ನು ಗೆಲ್ಲಿಸಿದೆವು. ಹೈದರ್ 1763ರಲ್ಲಿ ಬಿದನೂರು ತೆಗೆದುಕೊಂಡದ್ದನ್ನು ಮಾಡಲು ಗೆಳೆಯ ಒಪ್ಪಲಿಲ್ಲ. ಒಳಗಿನವನೇ ಗುಪ್ತದಾರಿ ತೋರಿಸಿದ ಕಥೆ ಅದು, ಅವನಿಗೆ ಇಷ್ಟವಾಗಲಿಲ್ಲ. ಮರುವರ್ಷ ಹಾರ್ಡ್‌ಡಿಸ್ಕ್ ಕೆಟ್ಟು ಕೆಳದಿ ರಾಜ್ಯ ಪೂರ್ತಿ ಹೋಯಿತು.

ಬೇರೆ ಆಟಗಳನ್ನೂ ಆಡಿದ್ದೇನೆ. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿಯ ‘ಯೂರೋಪಾ ಯೂನಿವರ್ಸಾಲಿಸ್’ನ ನಾಲ್ಕನೇ ಭಾಗ 1444ರ ನವೆಂಬರ್ 11ಕ್ಕೆ ತೆರೆಯುತ್ತದೆ. ಪ್ರೌಢದೇವರಾಯ ಇನ್ನೂ ಬದುಕಿರುವ ದಿನ ಅದು, ವಿಜಯನಗರ ಆರಿಸಿಕೊಂಡು ಬಹಮನಿಯನ್ನು ಎದುರಿಸಬಹುದು. ಲೆಕ್ಕಪತ್ರ ಬರೆಯುವ ಗುಮಾಸ್ತನ ತಾಳ್ಮೆ ಬೇಕು. ‘ಸಿವಿಲೈಸೇಶನ್’ನ ಆರನೇ ಭಾಗಕ್ಕೆ 2018ರಲ್ಲಿ ಚಂದ್ರಗುಪ್ತ ಮೌರ್ಯ ಬಂದ, ಪಕ್ಕದ ರಾಜ್ಯದ ಮೇಲೆ ಬೀಳುವವನಾಗಿ. ಅವನು ಎಲ್ಲ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದು ಚಂದ್ರಗಿರಿಯ ಮೇಲೆ ಸಲ್ಲೇಖನ ತೆಗೆದುಕೊಂಡ ಎಂದು ಜೈನ ಪರಂಪರೆ ನಂಬುತ್ತದೆ. ಅದಕ್ಕೆ ಗುಂಡಿ ಇಟ್ಟಿಲ್ಲ.

ಭದ್ರಾವತಿಯ ಆಟ 2023ರ ಜನವರಿಯಲ್ಲಿ ವಿಚಿತ್ರ ಘಟ್ಟಕ್ಕೆ ಬಂತು. ಕಾರ್ಖಾನೆಗೆ ನೂರು ತುಂಬಿದ ತಿಂಗಳಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಮುಚ್ಚುವುದಿಲ್ಲ, ತೆರೆಯುತ್ತೇವೆ, ಬಂಡವಾಳ ಹಾಕುತ್ತೇವೆ ಎಂಬ ಮಾತುಗಳು ಅಂದಿನಿಂದ ಬರುತ್ತಲೇ ಇವೆ. ಅಪ್ಪ ನಿವೃತ್ತರಾಗಿ ಬಹಳ ಕಾಲವಾಯಿತು, ಜನ್ನಾಪುರದಲ್ಲಿ ಸ್ವಂತ ಮನೆ. ಕಳೆದ ದೀಪಾವಳಿಗೆ ಹೋದಾಗ ಅಕ್ಕನ ಮಗ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ಕೇಳಿದರು: "ಈಗಲೂ ಅಷ್ಟೇನಾ ರೇಟು?"

"ಹೂಂ ತಾತ, 275 ಆಹಾರ, 225 ಚಿನ್ನ."

"ಇಪ್ಪತ್ತು ವರ್ಷ ಆದ್ರೂ ಏರಿಲ್ಲ! ಆದ್ರೆ ಲೆಕ್ಕ ತಪ್ಪು ಕಣೋ. ಆಹಾರ ತಗೊಂಡು ಫರ್ನೇಸ್ ಏನು ಮಾಡುತ್ತೆ? ಕಟ್ಟಿಗೆ ಹಾಕಬೇಕಿತ್ತು."

ಹೊಸ ಆವೃತ್ತಿಯ ಎಡಿಟರಿನಲ್ಲಿ ಅದು ಸಾಧ್ಯ. ಯಾವ ವಿದ್ಯೆಗೆ ಏನು ಬೆಲೆ ಎಂಬುದನ್ನು ನಾವೇ ಬದಲಿಸಬಹುದು. ನನಗೆ ಈಗ ಬಿಡುವಿಲ್ಲ, ಕೋಟೆ ರಸ್ತೆಯ ಗೆಳೆಯ ದೂರದ ದೇಶದಲ್ಲಿದ್ದಾನೆ. ಶಿವಮೊಗ್ಗ, ಭದ್ರಾವತಿಯ ಕಾಲೇಜುಗಳಲ್ಲಿ ಇದನ್ನು ನಮಗಿಂತ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರಿದ್ದೀರಿ. ಯಾರಾದರೂ ಬಿದನೂರಿನ ನಕ್ಷೆಯನ್ನು ಮತ್ತೊಮ್ಮೆ ಮಾಡಿ. ಬೆಂಕಿಪುರವನ್ನೂ ಮಾಡಿ, ಬ್ಲಾಸ್ಟ್ ಫರ್ನೇಸಿನ ಬೆಲೆಯಲ್ಲಿ ಆಹಾರ ತೆಗೆದು ಕಟ್ಟಿಗೆ ಬರೆಯಿರಿ. ಎಷ್ಟು ಬರೆಯಬೇಕೆಂದು ತೋಚದಿದ್ದರೆ ಜನ್ನಾಪುರಕ್ಕೆ ಬನ್ನಿ. ಅಪ್ಪ ಸಂಜೆ ಆರರವರೆಗೆ ಜಗಲಿಯಲ್ಲೇ ಇರುತ್ತಾರೆ.